ಸಂದೇಶವಾಹಕನ ದಾವೆ

2019ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಭಾರತದ ಮಹಾಚುನಾವಣೆಯ ಫಲಿತಾಂಶ ಹೊರಬಿದ್ದು ಇನ್ನೂ ಒಂದು ತಿಂಗಳು ತುಂಬುವುದರೊಳಗೆ, ವಾಟ್ಸಾಪ್ ಕಂಪನಿಯು ಒಂದು ಪ್ರಕಟಣೆಯನ್ನು ಹೊರಡಿಸಿತು. ಅದೇ ವರ್ಷದ ಡಿಸೆಂಬರ್ 7ರಿಂದ ಮೊದಲುಗೊಂಡು, ಯಂತ್ರಸಾಧನಗಳಿಂದ ರಾಶಿ ರಾಶಿಯಾಗಿ ಸಂದೇಶಗಳನ್ನು ಕಳುಹಿಸತಕ್ಕವರ ಮೇಲೂ ಅಂಥವರಿಗೆ ನೆರವಾಗತಕ್ಕವರ ಮೇಲೂ ತಾನು ಕಾನೂನಿನ ಕ್ರಮ ಕೈಗೊಳ್ಳುವುದಾಗಿಯೂ, ಆ ದುರುಪಯೋಗದ ಪುರಾವೆಯು ತನ್ನ ಜಾಲದೊಳಗೆ ದೊರೆಯದೆ ಹೊರಗಿನ ಮೂಲಗಳಿಂದ ಮಾತ್ರ, ಎಂದರೆ ಆ ವ್ಯಾಪಾರಿಗಳು ತಮ್ಮ ಸಾಮರ್ಥ್ಯವನ್ನು ಕುರಿತು ತಾವೇ ಬಹಿರಂಗವಾಗಿ ಸಾರಿಕೊಂಡ ಮಾತುಗಳಿಂದ ಮಾತ್ರ, ದೊರೆತರೂ ಅದನ್ನೇ ಆಧಾರವಾಗಿ ಹಿಡಿಯುವುದಾಗಿಯೂ ಅದರಲ್ಲಿ ಹೇಳಲಾಗಿತ್ತು.

ಅದುವರೆಗೆ ಕಂಪನಿಯು ಸಾಮಾನ್ಯವಾಗಿ ವಿಧಿಸುತ್ತಿದ್ದ ದಂಡನೆ ಒಂದೇ: ಖಾತೆಯನ್ನು ಮುಚ್ಚಿಬಿಡುವುದು. ಆ ದಂಡನೆಯಲ್ಲಿ ದೂರುವವನೂ, ವಿಚಾರಿಸುವವನೂ, ತೀರ್ಪನ್ನು ಜಾರಿಗೊಳಿಸುವವನೂ ಒಬ್ಬನೇ. ಈಗ ಅದೇ ಕಂಪನಿಯು ವಾದಿಯಾಗಿ ಮೂರನೆಯವನೊಬ್ಬನ ಮುಂದೆ ನಿಂತು ನ್ಯಾಯ ಕೇಳುವೆನೆಂದು ಹೊರಟಿದ್ದನ್ನು ಧನಿಕ ಸಂಸ್ಥೆಯೊಂದರ ತೋಳ್ಬಲದ ಪ್ರದರ್ಶನವೆಂದು ಬಗೆದವರು ಹಲವರಿದ್ದಾರೆ. ಅವರ ಶಂಕೆ ನಿರಾಧಾರವಾದುದಲ್ಲ. ಅದಕ್ಕೆ ಮುಂದೆ ಬರುತ್ತೇನೆ. ಆದರೆ ಸಂದೇಶವಾಹಕ ಸಂಸ್ಥೆಗಳು ದುರುಪಯೋಗಿಗಳ ಮೇಲೆ ದಾವೆ ಹೂಡುವುದು, ಅವು ನಿತ್ಯವೂ ನಿಶ್ಶಬ್ದವಾಗಿ ನಡೆಸುತ್ತಿರುವ ಖಾತೆ ಮುಚ್ಚುವ ಕಾರ್ಯಕ್ಕಿಂತ ಹೆಚ್ಚು ನ್ಯಾಯವಾದದ್ದೆಂದೂ, ನಾವು ಭಯಪಡಬೇಕಾದದ್ದು ಎರಡನೆಯದಕ್ಕೆಂದೂ ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಈ ದುರುಪಯೋಗದ ಧಂದೆ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಸಣ್ಣ ಕೋಣೆ, ಒಂದು ಲ್ಯಾಪ್‌ಟಾಪ್, ರಬ್ಬರ್ ಬ್ಯಾಂಡು ಸುತ್ತಿದ ಪ್ರೀಪೇಯ್ಡ್ ಸಿಮ್ಮುಗಳ ಒಂದು ಕಟ್ಟು, ವಾರ್ಡುವಾರು ವಿಂಗಡಿಸಿದ ಸಾವಿರಾರು ಮೊಬೈಲ್ ನಂಬರುಗಳ ಎಕ್ಸೆಲ್ ಪಟ್ಟಿ: ಬಂಡವಾಳ ಇಷ್ಟೆ. ಸಾಫ್ಟ್‌ವೇರು ತಾನಾಗಿಯೇ ಒಂದೊಂದು ನಂಬರನ್ನೂ ತೆರೆದು, ಸಂದೇಶದ ಮೊದಲಿಗೆ ಆಯಾ ವ್ಯಕ್ತಿಯ ಹೆಸರನ್ನು ಸೇರಿಸಿ, ಕಳುಹಿಸಿ, ಯಂತ್ರದ ಓಟವು ಮನುಷ್ಯನ ಬೆರಳಿನ ಓಟದಂತೆ ಕಾಣಲೆಂದು ನಡುನಡುವೆ ಕೆಲವು ಸೆಕೆಂಡುಗಳ ಕಾಲ ತಡೆದು, ಮತ್ತೆ ಮುಂದಕ್ಕೆ ಸಾಗುತ್ತದೆ. ಒಂದು ನಂಬರು ಬ್ಲಾಕ್ ಆಯಿತೆಂದರೆ ಕಟ್ಟಿನಿಂದ ಇನ್ನೊಂದು ಸಿಮ್ಮನ್ನು ತೆಗೆಯುತ್ತಾರೆ. ಇಂತಹ ಸಾಧನವು ಭಾರತದಲ್ಲಿ ಸುಮಾರು ಸಾವಿರ ರೂಪಾಯಿಗೆ ದೊರೆಯುತ್ತಿದ್ದುದನ್ನೂ, ಫಾರ್ವರ್ಡ್ ಮಾಡುವ ಮಿತಿಯನ್ನು ಮೀರಲೆಂದು ವಾಟ್ಸಾಪಿನ ನಕಲು ಆ್ಯಪುಗಳನ್ನು ಚುನಾವಣಾ ಪ್ರಚಾರಕರು ಬಳಸುತ್ತಿದ್ದುದನ್ನೂ ರಾಯಿಟರ್ಸ್ ಸುದ್ದಿಸಂಸ್ಥೆಯು 2019ರ ಮೇ ತಿಂಗಳಿನಲ್ಲಿ ವರದಿ ಮಾಡಿತು. ಅಂಚೆಯ ಕಾಲದಲ್ಲಿ ಪ್ರತಿಯೊಂದು ಕಾಗದಕ್ಕೂ ತಗಲುತ್ತಿದ್ದ ಬೆಲೆಯೇ ಕಳುಹಿಸುವವನ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದಿತು. ಈಗಲಾದರೋ ಹತ್ತಕ್ಕೂ ಹತ್ತು ಸಾವಿರಕ್ಕೂ ವೆಚ್ಚದಲ್ಲಿ ಭೇದವಿಲ್ಲದಂತಾಗಿ, ಕಳುಹಿಸುವವನು ಉಳಿಸಿಕೊಂಡ ಶ್ರಮವೆಲ್ಲ, ಓದುವ ಹೊತ್ತಾಗಿ, ಅಳಿಸುವ ಬೇಸರವಾಗಿ, ಎಷ್ಟೋ ಸಲ ಮೋಸಹೋದ ಹಣವಾಗಿ, ಪಡೆಯುವವರ ತಲೆಯ ಮೇಲೆ ಬೀಳುತ್ತದೆ.

ಈ ವ್ಯಾಪಾರಿಗೆ ಖಾತೆ ಮುಚ್ಚುವುದು ಎಂತಹ ಶಿಕ್ಷೆ? ಶಿಕ್ಷೆಯೇ ಅಲ್ಲ, ಅವನ ಲೆಕ್ಕದ ಪುಸ್ತಕದಲ್ಲಿ ಅದು ಒಂದು ಸಿಮ್ಮಿನ ಖರ್ಚು. ಅವನು ಆ ನಂಬರಿನಿಂದ ಯಾರೊಡನೆಯೂ ಮಾತನಾಡಿದವನಲ್ಲ, ಅದರಲ್ಲಿ ಅವನ ತಾಯಿಯ ಫೋಟೋ ಇಲ್ಲ, ಅವನ ಮಗುವಿನ ಶಾಲೆಯ ಗ್ರೂಪು ಇಲ್ಲ. ಅದೇ ದಂಡನೆಯು ಪ್ರಾಮಾಣಿಕನೊಬ್ಬನ ಮೇಲೆ ಎರಗಿದರೆ ಏನಾಗುವುದೆಂಬುದನ್ನು ಬಗೆಯಲು ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ದೀಪಾವಳಿಯ ಮುಂಚೆ ಹೊಸದಾಗಿ ಮಗ್ಗದಿಂದಿಳಿದ ತೋಪುತೆನೆ ಸೆರಗಿನ ಸೀರೆಗಳ ಫೋಟೋಗಳನ್ನು ತನ್ನ ಹಳೆಯ ಗಿರಾಕಿಗಳಿಗೆಲ್ಲ ಒಂದೇ ಸಂಜೆಯಲ್ಲಿ ಕಳುಹಿಸಿದನೆನ್ನೋಣ. ಅವರಲ್ಲಿ ನಾಲ್ವರು ನಂಬರನ್ನು ಗುರುತಿಸದೆ ರಿಪೋರ್ಟ್ ಮಾಡಿದರೆನ್ನೋಣ. ಬೆಳಗ್ಗೆ ಫೋನು ತೆರೆದರೆ, ಈ ಖಾತೆಗೆ ಇನ್ನು ವಾಟ್ಸಾಪ್ ಬಳಸಲು ಅನುಮತಿಯಿಲ್ಲವೆಂಬ ಒಂದು ಸಾಲು. ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ನಂಬರು ಅದೇ, ಬಿಲ್ಲಿನ ಮೇಲೆ ಅಚ್ಚಾದದ್ದೂ ಅದೇ, ಪುಣೆಯಿಂದಲೂ ಸೊಲ್ಲಾಪುರದಿಂದಲೂ ಆರ್ಡರು ಬರುತ್ತಿದ್ದುದೂ ಅದಕ್ಕೇ. ತಾನು ಮಾಡಿದ ತಪ್ಪು ಯಾವುದು, ಯಾರು ದೂರಿದರು, ಯಾವ ಸಾಕ್ಷ್ಯದ ಮೇಲೆ ಈ ತೀರ್ಮಾನವಾಯಿತು ಎಂಬ ಒಂದೂ ಪ್ರಶ್ನೆಗೆ ಆ ಸಾಲಿನಲ್ಲಿ ಉತ್ತರವಿರುವುದಿಲ್ಲ. ಅಪರಾಧವನ್ನೇ ಕಸುಬು ಮಾಡಿಕೊಂಡವನಿಗೆ ಲಘುವಾಗಿಯೂ, ಬಾಳನ್ನೇ ಆ ನಂಬರಿಗೆ ಕಟ್ಟಿಕೊಂಡವನಿಗೆ ಭಾರವಾಗಿಯೂ ಬೀಳುವ ಈ ದಂಡನೆಯನ್ನು ನ್ಯಾಯದ ಯಾವ ತಕ್ಕಡಿಯೂ ಒಪ್ಪಲಾರದು.

ಈ ಮಾತು ಬರಿಯ ಊಹೆಯೆಂದು ತಳ್ಳಿಹಾಕುವಂತಿಲ್ಲ. ತಾನು ಜಗತ್ತಿನಾದ್ಯಂತ ತಿಂಗಳಿಗೆ 20 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚುತ್ತಿರುವುದಾಗಿಯೂ, ಅವುಗಳಲ್ಲಿ ನೂರಕ್ಕೆ 75ರಷ್ಟನ್ನು ಬಳಕೆದಾರರ ಇತ್ತೀಚಿನ ಯಾವ ದೂರೂ ಇಲ್ಲದೆ ಯಂತ್ರವೇ ಗುರುತಿಸುತ್ತಿರುವುದಾಗಿಯೂ ವಾಟ್ಸಾಪ್ 2019ರ ಆರಂಭದಲ್ಲಿ ತಿಳಿಸಿತ್ತು. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ಅನುಸಾರವಾಗಿ ಅದು ಪ್ರಕಟಿಸಿದ ಪ್ರಥಮ ಮಾಸಿಕ ವರದಿಯ ಪ್ರಕಾರ, ಆ ವರ್ಷದ ಮೇ 15ರಿಂದ ಜೂನ್ 15ರವರೆಗೆ ನಮ್ಮ ದೇಶವೊಂದರಲ್ಲಿಯೇ ಮುಚ್ಚಲ್ಪಟ್ಟ ಖಾತೆಗಳು 20 ಲಕ್ಷ. ಅದೇ ಅವಧಿಯಲ್ಲಿ ಭಾರತದ ಕುಂದುಕೊರತೆ ಅಧಿಕಾರಿಗೆ ಬಂದು ತಲುಪಿದ, ಖಾತೆ ಮುಚ್ಚಿದ್ದರ ವಿರುದ್ಧದ ಮನವಿಗಳು 204. ಅವುಗಳಲ್ಲಿ ಕ್ರಮ ಕೈಗೊಂಡದ್ದು 63 ಖಾತೆಗಳ ವಿಷಯದಲ್ಲಿ. ಆ್ಯಪಿನ ಒಳಗಿನಿಂದಲೇ ಮನವಿ ಸಲ್ಲಿಸುವ ಇನ್ನೊಂದು ದಾರಿಯೂ ಇದೆಯೆಂಬುದನ್ನು ಇಲ್ಲಿ ಹೇಳಲೇಬೇಕು. ಆ 20 ಲಕ್ಷದಲ್ಲಿ ಬಹುಭಾಗವು ಯಂತ್ರಚಾಲಿತ ಖಾತೆಗಳೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಧಿಕಾರಿಯ ಬಳಿಗೆ ಬಂದ ಅಷ್ಟು ಅಲ್ಪಸಂಖ್ಯೆಯ ಮನವಿಗಳಲ್ಲಿಯೇ ಮೂರರಲ್ಲಿ ಒಂದರ ಸಮೀಪದಷ್ಟು ಮರುಪರಿಶೀಲನೆಗೆ ಅರ್ಹವಾದವೆಂದರೆ, ಆ ಬಾಗಿಲನ್ನು ತಟ್ಟಲು ತಿಳಿಯದೆ ಸುಮ್ಮನಾದವರ ಗತಿಯನ್ನು ಕುರಿತು ಯೋಚಿಸದಿರಲಾಗುವುದಿಲ್ಲ.

ಕಸುಬುದಾರನಿಗೆ ಲಘುವಾಗಿಯೂ ಪ್ರಾಮಾಣಿಕನಿಗೆ ಭಾರವಾಗಿಯೂ ಬೀಳುವ ಈ ವ್ಯತ್ಯಾಸವನ್ನು ನ್ಯಾಯಾಲಯದ ದಾರಿಯು ಬಹುಮಟ್ಟಿಗೆ ತಲೆಕೆಳಗು ಮಾಡುತ್ತದೆ. ದಾವೆಯೆಂಬುದು ದುಬಾರಿಯಾದ, ನಿಧಾನವಾದ, ಶ್ರಮಸಾಧ್ಯವಾದ ಕೆಲಸ. ಆದ್ದರಿಂದಲೇ ಯಾವ ಕಂಪನಿಯೂ ಅದನ್ನು ಸೀರೆ ವ್ಯಾಪಾರಿಯ ಮೇಲೆ ಹೂಡುವುದಿಲ್ಲ, ಸಾಧನವನ್ನು ತಯಾರಿಸಿ ಮಾರಿ ಲಾಭ ಪಡೆಯುವವನ ಮೇಲೆ ಹೂಡುತ್ತದೆ. ಹೂಡಿದ ಮೇಲೆ ಆರೋಪವನ್ನು ಬರಹದಲ್ಲಿ ಹೇಳಬೇಕು, ಪುರಾವೆಯನ್ನು ಎದುರಾಳಿಯ ಕಣ್ಣೆದುರಿಗೆ ಇಡಬೇಕು, ಅವನ ಪ್ರಶ್ನೆಗಳಿಗೆ ಉತ್ತರಿಸಬೇಕು. ಈ ಪದ್ಧತಿ ಹೊಸದೂ ಅಲ್ಲ. 1997ರಲ್ಲಿಯೇ ಅಮೆರಿಕದ ಕಾಂಪುಸರ್ವ್ ಸಂಸ್ಥೆಯು, ತನ್ನ ಗ್ರಾಹಕರಿಗೆ ಬೇಡದ ಜಾಹೀರಾತು ಈಮೇಲುಗಳನ್ನು ಸುರಿಯುತ್ತಿದ್ದ ಸೈಬರ್ ಪ್ರಮೋಷನ್ಸ್ ಎಂಬ ಕಂಪನಿಯನ್ನು ಒಹಾಯೊ ರಾಜ್ಯದ ಫೆಡರಲ್ ನ್ಯಾಯಾಲಯಕ್ಕೆ ಎಳೆದು ತಡೆಯಾಜ್ಞೆಯನ್ನು ಪಡೆದಿತ್ತು. ಕಂಪ್ಯೂಟರುಗಳಿಗಾಗಿಯೇ ರಚಿತವಾದ ಕಾನೂನನ್ನು ಕಾಯದೆ, ಪರರ ಚರಸ್ವತ್ತಿನ ಮೇಲಿನ ಅತಿಕ್ರಮಣವನ್ನು ನಿಷೇಧಿಸುವ ಪ್ರಾಚೀನ ತತ್ತ್ವವನ್ನೇ ನ್ಯಾಯಾಧೀಶರು ಅಲ್ಲಿ ಅನ್ವಯಿಸಿದರು.

ಆದರೆ ಈ ದಾರಿಯ ನಿಜವಾದ ಮಹತ್ತ್ವವನ್ನು ತೋರಿಸಿಕೊಟ್ಟದ್ದು ಇನ್ನೊಂದು ಮೊಕದ್ದಮೆ. 2019ರ ಅಕ್ಟೋಬರ್ 29ರಂದು ವಾಟ್ಸಾಪ್, ಪೆಗಾಸಸ್ ಎಂಬ ಗೂಢಚಾರ ಸಾಫ್ಟ್‌ವೇರನ್ನು ತಯಾರಿಸುವ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಮೇಲೆ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸುಮಾರು 1,400 ಮೊಬೈಲುಗಳಿಗೆ ವಾಟ್ಸಾಪಿನ ಕರೆಯ ವ್ಯವಸ್ಥೆಯ ಮೂಲಕವೇ ಈ ಸಾಫ್ಟ್‌ವೇರನ್ನು ನುಗ್ಗಿಸಲು ಯತ್ನಿಸಲಾಯಿತೆಂಬುದು ಆರೋಪ. ಕರೆ ಬಂದಾಗ ಫೋನಿನ ಒಡೆಯನು ಅದನ್ನು ಎತ್ತಬೇಕಾಗಿಯೂ ಇರಲಿಲ್ಲ. ಗಂಟೆ ಬಾರಿಸಿದರೆ ಸಾಕಾಗಿತ್ತು. ಗುರಿಯಾದವರಲ್ಲಿ ಪತ್ರಕರ್ತರೂ, ವಕೀಲರೂ, ಮಾನವಹಕ್ಕುಗಳಿಗಾಗಿ ದುಡಿಯುವವರೂ ಇದ್ದರು. ಭಾರತದಲ್ಲಿಯೂ 121 ಮಂದಿ ಇದ್ದರೆಂದು ಕಂಪನಿಯು ನಮ್ಮ ಸರ್ಕಾರಕ್ಕೆ ತಿಳಿಸಿದ್ದಿತು.

ತಾನು ಈ ಸಾಧನವನ್ನು ಸರ್ಕಾರಗಳಿಗೆ ಮಾತ್ರ ಮಾರುವುದರಿಂದ ಸಾರ್ವಭೌಮ ರಾಜ್ಯಗಳಿಗೆ ಸಲ್ಲುವ ರಕ್ಷಣೆ ತನಗೂ ಸಲ್ಲಬೇಕೆಂದು ಎನ್‌ಎಸ್‌ಒ ವಾದಿಸಿತು. ಮೇಲ್ಮನವಿಯ ನ್ಯಾಯಾಲಯವು 2021ರಲ್ಲಿ ಆ ವಾದವನ್ನು ತಿರಸ್ಕರಿಸಿತು. 2023ರ ಜನವರಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಗುಟ್ಟೇ ಜೀವಾಳವಾಗಿದ್ದ ಆ ಉದ್ಯಮವು ಅಲ್ಲಿಂದ ಮುಂದೆ ದಾಖಲೆಗಳನ್ನು ಒಪ್ಪಿಸಬೇಕಾಯಿತು, ಅದರ ಅಧಿಕಾರಿಗಳು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾಯಿತು. ಹೀಗೆ ಹೊರಬಂದ ಕಾಗದಗಳಿಂದ ತಿಳಿದುಬಂದುದೇನೆಂದರೆ, ಫೋನಿಗೆ ನುಗ್ಗುವ ಕಾರ್ಯವನ್ನು ನಡೆಸುತ್ತಿದ್ದುದು ಕಂಪನಿಯದೇ ವ್ಯವಸ್ಥೆಯಾಗಿದ್ದು, ಗಿರಾಕಿಯಾದ ಸರ್ಕಾರದ ಪಾತ್ರವು ಬಹುಮಟ್ಟಿಗೆ ನಂಬರನ್ನು ಒದಗಿಸುವುದಕ್ಕೆ ಸೀಮಿತವಾಗಿತ್ತೆಂಬುದು. ದಾವೆ ಹೂಡಿದ ಮೇಲೆಯೂ ವಾಟ್ಸಾಪಿನ ಮೂಲಕ ನುಗ್ಗುವ ಇನ್ನೊಂದು ಹಾದಿಯನ್ನು ಎನ್‌ಎಸ್‌ಒ ಬಳಸಿತ್ತೆಂಬುದೂ ತಿಳಿದುಬಂದಿತು. 2024ರ ಡಿಸೆಂಬರಿನಲ್ಲಿ ನ್ಯಾಯಾಧೀಶೆ ಫಿಲಿಸ್ ಹ್ಯಾಮಿಲ್ಟನ್ ಅವರು ಎನ್‌ಎಸ್‌ಒ ಹೊಣೆಗಾರನೆಂದು ತೀರ್ಪಿತ್ತರು; 2025ರ ಮೇ ತಿಂಗಳಿನಲ್ಲಿ ಜ್ಯೂರಿಯು 4,44,719 ಡಾಲರುಗಳ ನಷ್ಟಪರಿಹಾರವನ್ನೂ ಅದರ ಮೇಲೆ ದಂಡರೂಪವಾಗಿ 16 ಕೋಟಿ 72 ಲಕ್ಷ ಡಾಲರುಗಳಿಗೂ ಹೆಚ್ಚಿನ ಮೊತ್ತವನ್ನೂ ವಿಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯಾಯಾಧೀಶರು ದಂಡವನ್ನು ಸುಮಾರು 40 ಲಕ್ಷ ಡಾಲರುಗಳಿಗೆ ಇಳಿಸಿದರಾದರೂ, ವಾಟ್ಸಾಪಿನ ತಂಟೆಗೆ ಹೋಗದಂತೆ ಶಾಶ್ವತವಾದ ಪ್ರತಿಬಂಧಕಾಜ್ಞೆಯನ್ನು ಹೊರಡಿಸಿದರು.

ಇದೇ ಪೆಗಾಸಸ್ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿಯೊಂದನ್ನು ನೇಮಿಸಿತು. 29 ಫೋನುಗಳನ್ನು ಪರೀಕ್ಷಿಸಿದ ಸಮಿತಿಯು 5ರಲ್ಲಿ ಯಾವುದೋ ದುಷ್ಟ ಸಾಫ್ಟ್‌ವೇರನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ನಿರ್ಧರಿಸಲಾಗಲಿಲ್ಲ. ಕೇಂದ್ರ ಸರ್ಕಾರವು ತನ್ನೊಡನೆ ಸಹಕರಿಸಲಿಲ್ಲವೆಂದು ಸಮಿತಿಯು ತಿಳಿಸಿದ್ದನ್ನು ಮುಖ್ಯ ನ್ಯಾಯಮೂರ್ತಿಗಳು 2022ರ ಆಗಸ್ಟಿನಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ಹೇಳಿದರು. ಸರ್ಕಾರವೇ ಸಂಶಯಕ್ಕೆ ಗುರಿಯಾದೆಡೆಯಲ್ಲಿ ಪ್ರಜೆಯ ಪರವಾಗಿ ಸತ್ಯವನ್ನು ಹೊರಗೆಳೆಯಬಲ್ಲ ಶಕ್ತಿ, ಧನ, ತಾಳ್ಮೆಗಳು ಯಾರಿಗಿವೆ? ಕ್ಯಾಲಿಫೋರ್ನಿಯದಲ್ಲಿ ಅವು ಒಂದು ಖಾಸಗಿ ಕಂಪನಿಗೆ ಇದ್ದವು. ತನ್ನ ವಾಣಿಜ್ಯದ ಹಿತಕ್ಕಾಗಿಯೇ ಅದು ಹೋರಾಡಿರಬಹುದು. ಆದರೂ ಆ ಹೋರಾಟದ ಫಲವು ಫೋನು ಹಿಡಿದ ಪ್ರತಿಯೊಬ್ಬನಿಗೂ ಸೇರಿದ್ದು.

ಇನ್ನು ಮೊದಲೇ ಹೇಳಿದ ಶಂಕೆ. ದುರುಪಯೋಗಿಯನ್ನು ಹೊಡೆಯಲೆತ್ತಿದ ಕೋಲು ಟೀಕಾಕಾರನ ಮೇಲೆ ತಿರುಗದೆಂಬ ಭರವಸೆಯೇನು? ಇಂಟೆಲ್ ಕಂಪನಿಯಿಂದ ವಜಾಗೊಂಡ ಇಂಜಿನಿಯರೊಬ್ಬರು ಅಲ್ಲಿನ ನೌಕರಿ ನೀತಿಯನ್ನು ಖಂಡಿಸಿ, ಸುಮಾರು ಎರಡು ವರ್ಷಗಳ ಅವಧಿಯಲ್ಲಿ ಆರು ಸಲ, ಸಾವಿರಾರು ನೌಕರರಿಗೆ ಈಮೇಲು ಕಳುಹಿಸಿದಾಗ, ಕಂಪನಿಯು ಅದೇ ಅತಿಕ್ರಮಣದ ತತ್ತ್ವವನ್ನು ಹಿಡಿದು ಅವರ ಮೇಲೆ ದಾವೆ ಹೂಡಿತು. ಕಂಪ್ಯೂಟರುಗಳಿಗೆ ಯಾವ ಹಾನಿಯೂ ಆಗಿಲ್ಲವಾದುದರಿಂದಲೂ ಕಂಪನಿಯ ನಿಜವಾದ ಆಕ್ಷೇಪವು ಈಮೇಲಿನ ಒಕ್ಕಣೆಯ ಮೇಲಾದುದರಿಂದಲೂ ಇದು ಅತಿಕ್ರಮಣವಾಗದೆಂದು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಮಾನಿಸಿತು. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಇಪ್ಪತ್ತು ವರ್ಷಗಳ ಮೇಲೆ, 2023ರಲ್ಲಿ, ಎಕ್ಸ್ ಕಂಪನಿಯು ತನ್ನ ಜಾಲದಲ್ಲಿ ದ್ವೇಷದ ಮಾತು ಹೆಚ್ಚುತ್ತಿದೆಯೆಂದು ವರದಿ ಮಾಡಿದ ಸಂಶೋಧನ ಸಂಸ್ಥೆಯೊಂದರ ಮೇಲೆ, ತನ್ನ ಷರತ್ತುಗಳನ್ನು ಮೀರಿ ಮಾಹಿತಿ ಸಂಗ್ರಹಿಸಿತೆಂಬ ನೆವದಿಂದ, ಮೊಕದ್ದಮೆ ಹೂಡಿತು. ಪ್ರತಿವಾದಿಗಳನ್ನು ಅವರ ಮಾತಿಗಾಗಿ ದಂಡಿಸುವುದೇ ಇದರ ಉದ್ದೇಶವೆಂದು ಕಂಡುಕೊಂಡ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅವರು 2024ರ ಮಾರ್ಚಿನಲ್ಲಿ ಅದನ್ನು ವಜಾ ಮಾಡಿದರು.

ಎರಡು ಮೊಕದ್ದಮೆಗಳಲ್ಲಿಯೂ ಆ ತೀರ್ಪುಗಳಲ್ಲಿ ಗೆದ್ದದ್ದು ದುರ್ಬಲ ಪಕ್ಷವೆಂಬುದು ಸಮಾಧಾನದ ಮಾತು. ಆದರೆ ಗೆಲ್ಲುವವರೆಗೆ ವರ್ಷಗಟ್ಟಲೆ ವಕೀಲರ ಶುಲ್ಕವನ್ನೂ ಮನಸ್ಸಿನ ತಲ್ಲಣವನ್ನೂ ತಾಳಬೇಕಾದವನಿಗೆ ಆ ಸಮಾಧಾನ ಎಷ್ಟರದು? ಆದುದರಿಂದ ಸಂಸ್ಥೆಗಳ ದಾವೆಯನ್ನು ನಾವು ಸ್ವಾಗತಿಸಬೇಕಾದರೆ ಅದಕ್ಕೊಂದು ಒರೆಗಲ್ಲನ್ನು ಹಿಡಿಯಬೇಕು: ಪ್ರತಿವಾದಿಯಿಂದ ನೊಂದವರು ಯಾರು? ನೊಂದವರು ಬಳಕೆದಾರರಾದರೆ, ಎನ್‌ಎಸ್‌ಒ ಪ್ರಕರಣದಂತೆ, ದಾವೆ ಧರ್ಮ್ಯವಾದದ್ದು. ನೊಂದದ್ದು ಕಂಪನಿಯ ಕೀರ್ತಿ ಮಾತ್ರವಾದರೆ, ಅದು ಷರತ್ತುಗಳ ಎಷ್ಟು ವಿಧಿಗಳನ್ನು ಉದಾಹರಿಸಿದರೂ, ಆರಂಭದಲ್ಲಿಯೇ ನಿಲ್ಲತಕ್ಕದ್ದು. ಅಂಥ ಮೊಕದ್ದಮೆಗಳನ್ನು ಮೊದಲ ಮೆಟ್ಟಿಲಿನಲ್ಲಿಯೇ ವಜಾ ಮಾಡಿ ಖರ್ಚನ್ನು ವಾದಿಯಿಂದಲೇ ಕೊಡಿಸುವ ಕಾನೂನು ಕ್ಯಾಲಿಫೋರ್ನಿಯದಲ್ಲಿದೆ, ನಮ್ಮಲ್ಲಿಯೂ ಬರಬೇಕು.

ಇನ್ನು ವಾಟ್ಸಾಪಿನ 2019ರ ಪ್ರಕಟಣೆಯಲ್ಲಿದ್ದ, ಜಾಲದ ಹೊರಗಿನ ಪುರಾವೆಯನ್ನು ಹಿಡಿಯುವೆನೆಂಬ ಮಾತು ಕೆಲವರಿಗೆ ಅತಿರೇಕವಾಗಿ ಕಂಡಿತು. ನನಗೆ ಅದು ಆ ಪ್ರಕಟಣೆಯಲ್ಲೆಲ್ಲ ವಿವೇಕಯುತವಾದ ಭಾಗವೆಂದು ತೋರುತ್ತದೆ. 2016ರ ಏಪ್ರಿಲಿನಿಂದ ವಾಟ್ಸಾಪಿನ ಸಂದೇಶಗಳನ್ನು ಕಳುಹಿಸಿದವನೂ ಪಡೆದವನೂ ಹೊರತು ಕಂಪನಿಯೂ ಓದಲಾಗದಂತೆ ಬೀಗಮುದ್ರೆ ಮಾಡಲಾಗಿದೆ. ಒಳಗಿನದನ್ನು ಓದದೆ ದುಷ್ಟನನ್ನು ಹಿಡಿಯಬೇಕಾದರೆ ಅವನ ನಡತೆಯ ವೇಗವನ್ನೂ, ಹೊರಗೆ ಅವನು ಆಡಿಕೊಂಡ ಮಾತನ್ನೂ ನೋಡಬೇಕಲ್ಲದೆ ಬೇರೆ ದಾರಿಯಿಲ್ಲ. ದಿನಕ್ಕೆ ಸಾವಿರಾರು ಮಂದಿಗೆ ಸಂದೇಶ ತಲುಪಿಸಿಕೊಡುವೆನೆಂದು ದರಪಟ್ಟಿ ಹಚ್ಚಿದವನನ್ನು ಆ ದರಪಟ್ಟಿಯಿಂದಲೇ ಪ್ರಶ್ನಿಸುವುದು, ಎಲ್ಲರ ಕಾಗದಗಳನ್ನೂ ಬಿಚ್ಚಿ ನೋಡುವುದಕ್ಕಿಂತ ಎಷ್ಟೋ ಮೇಲು.

ಆದರೆ ಸರ್ಕಾರಗಳ ಒಲವು ಇದಕ್ಕೆ ತೀರ ವಿರುದ್ಧವಾದ ದಿಕ್ಕಿನಲ್ಲಿದೆ. 2012ರ ಆಗಸ್ಟಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯಲಿದೆಯೆಂಬ ಸುಳ್ಳು ಸುದ್ದಿಯು ಮೊಬೈಲುಗಳಲ್ಲಿ ಹಬ್ಬಿ, ಸೆಕ್ಯೂರಿಟಿ ಕೆಲಸದವರು, ಹೋಟೆಲು ಕೆಲಸದವರು, ವಿದ್ಯಾರ್ಥಿಗಳು ಸಾವಿರಗಟ್ಟಲೆಯಾಗಿ ಗುವಾಹಟಿಯ ರೈಲಿಗಾಗಿ ಬೆಂಗಳೂರಿನ ನಿಲ್ದಾಣದಲ್ಲಿ ಮುಗಿಬಿದ್ದರು. ಆಗ ಕೇಂದ್ರ ಸರ್ಕಾರವು ಮಾಡಿದ್ದೇನು? ಇಡೀ ದೇಶದ ಮೇಲೆ ದಿನಕ್ಕೆ 5 ಎಸ್ಸೆಮ್ಮೆಸ್ಸಿನ ಮಿತಿಯನ್ನು ಹೇರಿ, ಕೆಲವು ದಿನಗಳ ಮೇಲೆ ಅದನ್ನು 20ಕ್ಕೆ ಏರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. 2021ರ ನಿಯಮಗಳು ಇನ್ನೂ ಮುಂದೆ ಹೋಗಿ, ಆದೇಶ ಬಂದಾಗ ಸಂದೇಶವೊಂದನ್ನು ದೇಶದಲ್ಲಿ ಮೊದಲು ಕಳುಹಿಸಿದವನನ್ನು ಗುರುತಿಸಿಕೊಡುವ ಹೊಣೆಯನ್ನು ದೊಡ್ಡ ಸಂಸ್ಥೆಗಳ ಮೇಲೆ ಹೊರಿಸಿದುವು. ಯಾರೋ ಒಬ್ಬನನ್ನು ಎಂದೋ ಗುರುತಿಸಬೇಕಾದೀತೆಂದು ಎಲ್ಲರ ಸಂದೇಶಗಳಿಗೂ ಗುರುತು ಹಚ್ಚಿಡಬೇಕಾಗುವುದೆಂದು ವಾಟ್ಸಾಪ್ ಅದನ್ನು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದೆ. ಈ ವಾದದಲ್ಲಿ ಕಂಪನಿಯ ಪಕ್ಷವೇ ನ್ಯಾಯವಾದದ್ದೆಂದು ನಾನು ನಂಬುತ್ತೇನೆ.

ಹಾಗೆಂದು ದಾವೆಯಿಂದ ಎಲ್ಲ ಕೇಡೂ ನಿವಾರಣೆಯಾಗುವುದೆಂದು ತಿಳಿಯಬಾರದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರಲ್ಲಿ ಒಬ್ಬ ತರುಣ ಇಂಜಿನಿಯರನ್ನು ಮಕ್ಕಳ ಕಳ್ಳನೆಂದು ಗುಂಪು ಕೊಂದುಹಾಕಿತು. ಜೊತೆಗಾರನೊಬ್ಬನು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯದ ಮೂಲ. ಅವರ ಕಾರು ಮುರ್ಕಿಗೆ ಬರುವ ಮುನ್ನವೇ ವಾಟ್ಸಾಪ್ ಗ್ರೂಪಿನ ಸುದ್ದಿಯು ಅಲ್ಲಿಗೆ ಬಂದು, ರಸ್ತೆಗೆ ಅಡ್ಡಗಟ್ಟಿದ ಜನರು ಕಾದು ನಿಂತಿದ್ದರು. ಇಲ್ಲಿ ಸಾಫ್ಟ್‌ವೇರು ಮಾರಿದ ವ್ಯಾಪಾರಿಯಿಲ್ಲ, ಸಿಮ್ಮುಗಳ ಕಟ್ಟಿಲ್ಲ. ಇದ್ದವರೆಲ್ಲ ನೆರೆಹೊರೆಯವರು, ಒಬ್ಬೊಬ್ಬರೂ ತಮ್ಮ ತಮ್ಮ ಕೈಯಿಂದಲೇ ಸುದ್ದಿಯನ್ನು ಮುಂದೂಡಿದವರು. ಇವರ ಮೇಲೆ ಕಂಪನಿಯು ಯಾವ ದಾವೆ ಹೂಡೀತು? ಅದೇ ತಿಂಗಳಿನಲ್ಲಿ ಭಾರತದಲ್ಲಿ ಫಾರ್ವರ್ಡ್ ಮಾಡುವ ಮಿತಿಯನ್ನು 5ಕ್ಕೆ ಇಳಿಸಿದ್ದು ಕಂಪನಿಯು ಕೊಟ್ಟ ಉತ್ತರ, ಮತ್ತು ಅದು ಯೋಗ್ಯವಾದ ಉತ್ತರವೇ. ಉಳಿದದ್ದು ಪೊಲೀಸರ, ಸೆಷನ್ಸ್ ನ್ಯಾಯಾಲಯದ, ಊರಿನ ಹಿರಿಯರ ಹೊಣೆ. ಕೊಲೆಗೆ ಶಿಕ್ಷೆ ಕೊಡುವುದು ಪ್ರಭುತ್ವದ ಕರ್ತವ್ಯ. ಅದನ್ನು ಸಂದೇಶ ಹೊತ್ತವನ ಮೇಲೆ ಹೊರಿಸಿ ಪ್ರಭುತ್ವವು ಕೈತೊಳೆದುಕೊಳ್ಳಕೂಡದು.

ಕೊನೆಯದಾಗಿ, ದಾವೆ ಹೂಡುವ ಹಕ್ಕು ಎರಡು ಕಡೆಗೂ ಸಮನಾಗಿರಬೇಕೆಂಬ ಮಾತು. ಖಾತೆ ಕಳೆದುಕೊಂಡ ನಮ್ಮ ಇಳಕಲ್ಲಿನ ವ್ಯಾಪಾರಿಗೆ ದೊರೆಯುವ ದಾರಿಗಳೇನು? ವಾಟ್ಸಾಪಿನ ಷರತ್ತುಗಳ ಪ್ರಕಾರ ಅವನು ತನ್ನ ತಕರಾರನ್ನು ಕ್ಯಾಲಿಫೋರ್ನಿಯದ ಉತ್ತರ ಜಿಲ್ಲೆಯ ಫೆಡರಲ್ ನ್ಯಾಯಾಲಯಕ್ಕೋ ಅದೇ ರಾಜ್ಯದ ಸ್ಯಾನ್ ಮಟೇಯೊ ಕೌಂಟಿಯ ನ್ಯಾಯಾಲಯಕ್ಕೋ ಒಯ್ಯಬೇಕು. ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ 2025ರ ಅಕ್ಟೋಬರಿನಲ್ಲಿ ಇಂಥದೇ ಅರ್ಜಿಯೊಂದು ಬಂದಾಗ, ವಾಟ್ಸಾಪ್ ಬಳಸುವುದು ಮೂಲಭೂತ ಹಕ್ಕು ಹೇಗಾದೀತೆಂದೂ ಆ ಕಂಪನಿಯು ಪ್ರಭುತ್ವವೇ ಎಂದೂ ನ್ಯಾಯಪೀಠವು ಪ್ರಶ್ನಿಸಿ, ಅರ್ಜಿಯನ್ನು ಹಿಂತೆಗೆದುಕೊಂಡು ಬೇರೆ ಪರಿಹಾರವನ್ನು ಅರಸುವಂತೆ ಹೇಳಿತು. 2023ರಲ್ಲಿ ಸ್ಥಾಪಿತವಾದ ಕುಂದುಕೊರತೆ ಮೇಲ್ಮನವಿ ಸಮಿತಿಗಳು ಇವೆಯಾದರೂ, ಅವುಗಳ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಪ್ರಜೆಗಳ ಮಾತುಕತೆಯ ಮೇಲೆ ಕಾರ್ಯಾಂಗವು ತೀರ್ಪುಗಾರನಾಗಿ ಕೂರುವುದು ಆರೋಗ್ಯಕರವಾದ ವ್ಯವಸ್ಥೆಯೆಂದು ನನಗೆ ತೋರುವುದಿಲ್ಲ.

ಬೇಕಾದದ್ದು ಇದಕ್ಕಿಂತ ಸರಳವಾದದ್ದು. ಖಾತೆ ಮುಚ್ಚುವಾಗ ಯಾವ ನಿಯಮವನ್ನು, ಎಂಥ ನಡತೆಯಿಂದ ಮೀರಲಾಯಿತೆಂಬುದನ್ನು ಬಳಕೆದಾರನಿಗೆ ಅವನ ಭಾಷೆಯಲ್ಲಿ ತಿಳಿಸಬೇಕು. ಮನವಿಯನ್ನು ಯಂತ್ರವಲ್ಲದೆ ಮನುಷ್ಯನೊಬ್ಬನು ಓದಿ ಉತ್ತರಿಸಬೇಕು. ಅದೂ ಫಲಿಸದಿದ್ದರೆ ಬಳಕೆದಾರನು ತಾನಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಲು ಅವಕಾಶವಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕನಿಗೆ ತನ್ನ ವಾಸಸ್ಥಳದಲ್ಲಿಯೇ ದೂರು ಕೊಡುವ ಹಕ್ಕನ್ನು ಈಗಾಗಲೇ ಕೊಟ್ಟಿದೆ. ಹಣ ತೆರದೆ ಸೇವೆ ಪಡೆಯುವವನು ಗ್ರಾಹಕನೇ ಎಂಬ ತಕರಾರನ್ನು ಸಂಸತ್ತು ಒಂದು ವಾಕ್ಯದ ತಿದ್ದುಪಡಿಯಿಂದ ಬಗೆಹರಿಸಬಹುದು. ಬಳಕೆದಾರರ ಸಂಖ್ಯೆಯನ್ನೇ ತೋರಿಸಿ ವ್ಯಾಪಾರ ಸಂಸ್ಥೆಗಳಿಂದ ಪ್ರತಿ ಸಂದೇಶಕ್ಕೆ ಹಣ ಪಡೆಯುವ ಕಂಪನಿಯು, ಆ ಬಳಕೆದಾರರಿಗೆ ತಾನು ಏನನ್ನೂ ಮಾರುತ್ತಿಲ್ಲವೆಂದು ಹೇಳಲಾಗದು. ತನ್ನನ್ನು ವಂಚಿಸಿದವನನ್ನು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನ್ಯಾಯಾಲಯಕ್ಕೆ ಎಳೆಯಬಲ್ಲೆನೆಂದು ತೋರಿಸಿಕೊಟ್ಟ ಸಂಸ್ಥೆಗೆ, ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಒಬ್ಬ ವಕೀಲನನ್ನು ನಿಲ್ಲಿಸುವುದು ಭಾರವಾಗಲಾರದು.